ಹೊರಗಿನಿಂದ ಹಾಕಿದ ಬೀಗ

ಹೊಸೂರಿನ ಬಳಿಯ ಮತ್ತಿಗಿರಿಯ ಆಚೆ, ಕೆರೆಯ ಮಗ್ಗುಲಲ್ಲಿ ಎದ್ದ ಹೊಸ ಲೇಔಟಿಗೆ ಬೈರಮ್ಮ ಸೊಪ್ಪು ಹೊತ್ತು ಹೋಗತೊಡಗಿದಾಗ ಅಲ್ಲಿ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚಿದ್ದವು. ಒಂದೊಂದೇ ಮನೆ ಎದ್ದ ಹಾಗೆ ಅವಳ ಮಂಕರಿಯ ತೂಕವೂ ಏರಿತು. ಗಂಡ ಅಶ್ವತ್ಥಪ್ಪ ಕೆರೆಯ ಕೆಳಗಿನ ತುಂಡು ಹೊಲದಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಹಾಕುತ್ತಿದ್ದ. ಬೇಲಿಯ ಬುಡದಲ್ಲಿ, ಬದುವಿನ ಮೇಲೆ ತಾನಾಗಿ ಹುಟ್ಟುವ ಬೆರಕೆ ಸೊಪ್ಪನ್ನು ಅವಳು ಕೊಯ್ದು ಸೇರಿಸುತ್ತಿದ್ದಳು. ಬೆಳಿಗ್ಗೆ ಸಿಂಬೆಯ ಮೇಲೆ ಮಂಕರಿ ಇಟ್ಟುಕೊಂಡು ಹೊರಟರೆ ಮೊದಲ ಬೀದಿಯಲ್ಲಿ ‘ಕೀರೆ’ ಎಂದು ತಮಿಳಿನಲ್ಲಿ ಕೂಗುವಳು. ಮುಂದಿನದರಲ್ಲಿ ತೆಲುಗು ಮನೆಗಳು, ಅಲ್ಲಿ ‘ಆಕುಕೂರ’. ಕೆರೆ ಕಡೆಯ ಕೊನೆಯ ಬೀದಿಗೆ ಬಂದಾಗ ‘ಸೊಪ್ಪು’. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಅತ್ತೆಗೆ ಹಲ್ಲಿಲ್ಲದೆ ಎಳೆಯ ದಂಟೇ ಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು. ಬಾಗಿಲಲ್ಲಿ ನಿಂತು ಸೊಪ್ಪು ಕೊಡುವವಳಿಗೆ ಮನೆಯ ಸುದ್ದಿ ಕೇಳದೆಯೇ ಸಿಗುತ್ತದೆ.

ಕೊನೆಯ ಬೀದಿಯ ಕೊನೆಯ ಮನೆ ಚಂದ್ರಲೇಖಾಳದು. ರಾಯಕೋಟೆಯ ಹತ್ತಿರದ ಹಳ್ಳಿಯ ಮುತ್ತರಾಯಪ್ಪನ ಮಗಳು. ಬಿ.ಎಸ್ಸಿ. ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಪ್ರಮೋದ್ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನೋಡಲು ಅಚ್ಚುಕಟ್ಟಾದ ಮನುಷ್ಯ. ಎದುರಿಗೆ ಸಿಕ್ಕ ಹಿರಿಯರಿಗೆಲ್ಲ ಕೈ ಮುಗಿಯುವನು. ಬೆರಕೆ ಸೊಪ್ಪು ಕಂಡರೆ ಚಂದ್ರಲೇಖಾಳ ಮುಖ ಅರಳುತ್ತಿತ್ತು. ತಾಯಿ ಮಾಡುವ ಮಸ್ಸೊಪ್ಪಿನ ಮಾತೆತ್ತಿ, ಬೈರಮ್ಮನನ್ನು ಜಗಲಿಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು; ಇಬ್ಬರೂ ಸೇರಿ ಸೊಪ್ಪು ಬಿಡಿಸುತ್ತಿದ್ದರು. ಆಗ ಬೈರಮ್ಮ ಕೆಲವನ್ನು ನೋಡಿದ್ದಳು. ಬೇಸಿಗೆಯಲ್ಲೂ ಮುಂಗೈ ಮುಚ್ಚುವ ತೋಳಿನ ರವಿಕೆ. ಒಂದು ದಿನ ಕುತ್ತಿಗೆಯ ಬಳಿ ಹಸಿರಾಗಿ ಮಾಗುತ್ತಿದ್ದ ಪೆಟ್ಟು. ಕೇಳುವ ಮೊದಲೇ ಹುಡುಗಿ, ಬಚ್ಚಲಲ್ಲಿ ಜಾರಿದೆ ಎಂದಿದ್ದಳು. ಬೈರಮ್ಮ ತಲೆ ಬಗ್ಗಿಸಿ ಸೊಪ್ಪು ಬಿಡಿಸಿದಳು. ಬಚ್ಚಲಲ್ಲಿ ಜಾರಿದವರಿಗೆ ಎಲ್ಲಿ ಪೆಟ್ಟಾಗುತ್ತದೆ ಎಂಬುದು ಈ ವಯಸ್ಸಿಗೆ ಅವಳಿಗೆ ತಿಳಿಯದ್ದಲ್ಲ. ಆದರೆ ದೊಡ್ಡ ಮನೆಯ ಮಾತನ್ನು ಸೊಪ್ಪಿನವಳು ಹೇಗೆ ಎತ್ತುವುದು? ನಾಳೆ ಕೇಳೋಣ, ಇನ್ನೊಂದು ಸಲ ಕೇಳೋಣ ಎಂದು ಮುಂದಕ್ಕೆ ಹಾಕುತ್ತ ಬಂದಳು.

ಅಷ್ಟರಲ್ಲಿ ಎಲ್ಲರ ಫೋನುಗಳಿಗೆ ಒಂದು ದನಿಯ ಸಂದೇಶ ಬಂತು. ಯಾರ ದನಿಯೋ, ಯಾವ ಊರಿನದೋ ಯಾರಿಗೂ ಗೊತ್ತಿಲ್ಲ. ಸೊಪ್ಪು, ಪೊರಕೆ, ಪ್ಲಾಸ್ಟಿಕ್ ಬಿಂದಿಗೆ ಮಾರುವ ನೆಪದಲ್ಲಿ ಹೆಂಗಸರು ಬಂದು ಮನೆ ನೋಡಿಕೊಂಡು ಹೋಗುತ್ತಾರೆ, ಮಾರನೆಯ ದಿನ ಅವರ ಗಂಡಸರು ಕತ್ತಿ ಹಿಡಿದು ಬರುತ್ತಾರೆ, ಕೃಷ್ಣಗಿರಿ ಕಡೆ ಎಷ್ಟೋ ಮನೆ ಲೂಟಿ ಆಗಿದೆ, ಪೊಲೀಸರು ಬಾಯಿ ಬಿಡುತ್ತಿಲ್ಲ ಎಂದು ಅದು ಹೇಳುತ್ತಿತ್ತು. ಬೈರಮ್ಮನ ಮಗ ಕುಮಾರೇಶನೇ ಅದನ್ನು ತಾಯಿಗೆ ಕೇಳಿಸಿದ. ಅವನು ಕಾರ್ಖಾನೆಯ ಬಸ್ಸಿನಲ್ಲಿ ದಿನಾ ಹೊಸೂರಿಗೆ ಹೋಗಿ ಬರುವವನು. ಬಸ್ಸಿನವರೆಲ್ಲ ಅದೇ ಮಾತಾಡುತ್ತಿದ್ದರಂತೆ. ತಾಯಿಗೆ ಬಾಗಿಲು ಹಾಕಿಕೊಂಡಿರು ಎಂದ. ಸೊಪ್ಪು ಮಾರುವವಳು ತನ್ನ ತಾಯಿಯೇ ಎನ್ನುವುದು ಅವನಿಗೆ ಆಗ ಹೊಳೆಯಲೇ ಇಲ್ಲ. ಬೈರಮ್ಮನಿಗೂ ಹೊಳೆಯಲಿಲ್ಲ. ಅವಳೂ ಎರಡು ದಿನ ಚಿಲಕ ಭದ್ರ ಮಾಡಿಕೊಂಡಳು.

ಲೇಔಟಿನಲ್ಲಿ ಕಳವು ಅಂತ ಆದದ್ದು ಏನೂ ಇರಲಿಲ್ಲ. ಯಾರದೋ ಮಹಡಿಯಿಂದ ಸೀರೆ ಕಾಣೆಯಾಗಿ, ಆಮೇಲೆ ಪಕ್ಕದ ಖಾಲಿ ಸೈಟಿನ ಜಾಲಿಗಿಡದಲ್ಲಿ ಸಿಕ್ಕಿತು. ಯಾರದೋ ಬೈಕು ಹೋಯಿತೆಂದು ಗದ್ದಲವೆದ್ದು, ತಮ್ಮನೇ ಒಯ್ದಿದ್ದ ಎಂದು ಸಂಜೆಗೆ ಗೊತ್ತಾಯಿತು. ಸಿಕ್ಕಿದ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ, ಹೋದ ಸುದ್ದಿ ಮಾತ್ರ ಬೀದಿ ಬೀದಿ ಸುತ್ತಿತು. ಗಣಪತಿಯ ಪಿಳ್ಳೈಯಾರ್ ಗುಡಿಯ ಮುಂದೆ ಸಭೆ ಸೇರಿದರು. ಠಾಣೆಯಿಂದ ಒಬ್ಬ ಅಧಿಕಾರಿಯೂ ಬಂದಿದ್ದ. ಅಂಥ ಗುಂಪು ಯಾವುದೂ ಇಲ್ಲ, ಈ ಕಡೆಯಿಂದ ಮನೆಗಳವಿನ ದೂರು ಮೊದಲಿಗಿಂತ ಕಡಿಮೆಯಾಗಿದೆ, ನಮ್ಮ ಹತ್ತಿರ ಬರುವುದೆಲ್ಲ ರಸ್ತೆ ಅಪಘಾತ, ಇಲ್ಲವೇ ಮನೆಯೊಳಗಿನ ಹೊಡೆದಾಟ ಎಂದು ಅವನು ಸಮಾಧಾನವಾಗಿ ಹೇಳಿದ. ಜನ ಕೇಳಿಸಿಕೊಂಡು, ಟೀ ಕೊಟ್ಟು ಕಳಿಸಿದರು. ಅವನ ಜೀಪು ತಿರುವು ದಾಟಿದ ಮೇಲೆ, ಇವರು ಮುಚ್ಚಿಡುತ್ತಿದ್ದಾರೆ ಎಂದು ಮಾತಾಡಿಕೊಂಡರು. ಪ್ರಮೋದ್ ಎದ್ದು ನಿಂತು, ನಮ್ಮ ಹೆಂಗಸರ ರಕ್ಷಣೆ ನಮ್ಮ ಕೈಯಲ್ಲೇ ಇದೆ ಎಂದ. ಲೇಔಟಿನ ನಿವಾಸಿಗಳ ಸಂಘದ ಅಧ್ಯಕ್ಷ ರಾಮಚಂದ್ರಪ್ಪ, ನಿವೃತ್ತ ಬ್ಯಾಂಕ್ ಮ್ಯಾನೇಜರ್, ಅವನ ಬೆನ್ನು ತಟ್ಟಿದರು. ಗೇಟು, ಕ್ಯಾಮೆರಾ, ಕಾವಲುಗಾರ ಎಲ್ಲವೂ ಅಲ್ಲೇ ತೀರ್ಮಾನವಾದವು. ಉಸ್ತುವಾರಿ ಪ್ರಮೋದ್‌ನದು.

ಇದನ್ನೆಲ್ಲ ಬೈರಮ್ಮನಿಗೆ ಹೇಳಿದವನು ಮಾದೇಶ್. ಅಶ್ವತ್ಥಪ್ಪನ ತಮ್ಮನ ಮಗ. ಹೊಸ ಗೇಟಿಗೆ ಕಾವಲುಗಾರನಾಗಿ ಸೇರಿದವನು ಅವನೇ. ಅವಳನ್ನು ಮೊದಲು ತಡೆಯಬೇಕಾದವನೂ ಅವನೇ. ನೀಲಿ ಅಂಗಿ ತೊಟ್ಟು, ಕೋಲು ಹಿಡಿದು, ದೊಡ್ಡಮ್ಮನ ಮುಖ ನೋಡಲಾರದೆ ಕೆರೆಯ ಕಡೆ ನೋಡುತ್ತ ನಿಂತ.

“ಒಳಕ್ಕೆ ಬಿಡ್ಬ್ಯಾಡ ಅಂದವ್ರೆ ದೊಡ್ಡಮ್ಮ. ನಾನೇನ್ ಮಾಡ್ಲಿ?”

“ನನ್ನೂ ಬಿಡ್ಬ್ಯಾಡ ಅಂದ್ರೇನ್ಲಾ?”

“ಸೊಪ್ಪಿನೋರ್ನ, ಪೊರಕೆಯೋರ್ನ, ಯಾರ್ನೂ. ಹೆಸ್ರಿಟ್ಟು ಹೇಳಿಲ್ಲ.”

ಬೈರಮ್ಮ ಅವನನ್ನು ಬೈಯಲಿಲ್ಲ. ಗೇಟಿನ ಎದುರಿನ ಹೊಂಗೆಮರದ ಕೆಳಗೆ ಮಂಕರಿ ಇಳಿಸಿ ಕೂತಳು. ಕೆಲವರು ಸ್ಕೂಟಿಯಲ್ಲಿ ಬಂದು ಕೊಂಡರು. ಎಷ್ಟೋ ವರ್ಷ ಮನೆಯ ಸುದ್ದಿ ಹೇಳಿಕೊಂಡವರು ಈಗ ಗಾಡಿಯಿಂದ ಇಳಿಯದೆ, ಕಟ್ಟನ್ನು ತಿರುಗಿಸಿ ನೋಡಿ, ಬೇಗ ಬೇಗ ಹೊರಟರು. ಕೆಲವರು ಬರಲೇ ಇಲ್ಲ. ಚಂದ್ರಲೇಖಾ ಒಂದು ದಿನವೂ ಬರಲಿಲ್ಲ. ಬೆರಕೆ ಸೊಪ್ಪಿನ ಕಟ್ಟು ಮಧ್ಯಾಹ್ನದ ಹೊತ್ತಿಗೆ ಬಾಡಿ ಮಂಕರಿಯ ತಳದಲ್ಲೇ ಉಳಿಯುತ್ತಿತ್ತು.

ಕೊನೆಗೆ ಬೈರಮ್ಮ ಅವಳ ವಿಷಯ ಮಾದೇಶ್‌ನನ್ನು ಕೇಳಿದಳು. ಆ ಅಕ್ಕ ಹೊರಗೆ ಬರೋದಿಲ್ಲ ಎಂದ ಅವನು. ಪ್ರಮೋದ್ ಸಾರ್ ಡ್ಯೂಟಿಗೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ. ಕಾಲ ಕೆಟ್ಟದ್ದು ನೋಡು, ಒಬ್ಬಳೇ ಹೆಂಗಸು ಇರೋ ಮನೆ. ಅವನು ಇದನ್ನು ಮೆಚ್ಚುಗೆಯಿಂದಲೇ ಹೇಳಿದ. ಬೇರೆ ಗಂಡಸರೂ, ಪ್ರಮೋದ್ ಎಷ್ಟು ಮುಂಜಾಗ್ರತೆ ವಹಿಸುತ್ತಾನೆ ಎಂದು ಹೊಗಳುತ್ತಿದ್ದರಂತೆ.

ಅವತ್ತು ಮಧ್ಯಾಹ್ನ ಬೈರಮ್ಮ ಊಟ ಅರ್ಧಕ್ಕೆ ಬಿಟ್ಟಳು. ಕೆರೆಯಂಚಿನ ಹೊನಗನ್ನೆ ಕೊಯ್ಯುವ ನೆಪ ಮಾಡಿಕೊಂಡು ಎದ್ದಳು. ಕೆರೆಯ ಏರಿಯ ಒಂದು ಬದಿಗೆ ಲೇಔಟಿನ ಹಿಂದಿನ ಗೋಡೆ. ತುದಿಯಲ್ಲಿ ಗಾಜಿನ ಚೂರು ನೆಟ್ಟಿದ್ದರು. ಕೊನೆಯ ಮನೆಯ ಹಿತ್ತಿಲು ಆ ಗೋಡೆಗೇ ಅಂಟಿಕೊಂಡಿದೆ ಎಂಬುದು ಅವಳಿಗೆ ಗೊತ್ತಿತ್ತು. ಒಳಗೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಬೈರಮ್ಮ ಅತ್ತಿತ್ತ ನೋಡಿ, ಮೆಲ್ಲಗೆ ‘ಸೊಪ್ಪು’ ಎಂದಳು. ಬೀದಿಯಲ್ಲಿ ಕೂಗುವ ಹಾಗಲ್ಲ, ಮನೆಯೊಳಗಿನವರನ್ನು ಕರೆಯುವ ಹಾಗೆ.

ಒಗೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ, ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತ ಚಂದ್ರಲೇಖಾಳ ಮುಖ ಗಾಜಿನ ಚೂರುಗಳ ನಡುವೆ ಕಾಣಿಸಿತು. ಕೆಳತುಟಿ ಊದಿತ್ತು. ಒಂದು ಕಣ್ಣು ಪೂರ್ತಿ ತೆರೆಯುತ್ತಿರಲಿಲ್ಲ. ಬಚ್ಚಲಿನ ಮಾತನ್ನು ಈ ಸಲ ಅವಳು ಹೇಳಲಿಲ್ಲ.

“ಎಷ್ಟು ದಿನದಿಂದವ್ವ ಹಿಂಗೆ?” ಎಂದಳು ಬೈರಮ್ಮ.

“ಮೊದ್ಲಿಂದ್ಲೂನೆ. ಮುಂಚೆ ನೀವೆಲ್ಲ ಬಾಗ್ಲಿಗೆ ಬತ್ತಿದ್ರಿ ಅಂತ ಮುಖಕ್ಕೆ ಹೊಡೀತಿರ್ಲಿಲ್ಲ.”

ಬೈರಮ್ಮನಿಗೆ ಆ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಬಾಗಿಲಿಗೆ ಬಂದು ಮುಖ ನೋಡುವವರು ಈಗ ಯಾರೂ ಇಲ್ಲ. ಮಗ್ಗುಲಲ್ಲೇ ಕೂತು ಸೊಪ್ಪು ಬಿಡಿಸಿದ ಅಷ್ಟೂ ದಿನ ತಾನೂ ಕೇಳಿರಲಿಲ್ಲ.

ಚಂದ್ರಲೇಖಾ ತಗ್ಗಿದ ದನಿಯಲ್ಲಿ ಬೇಗ ಬೇಗ ಹೇಳಿದಳು. ಫೋನು ಗಂಡನ ಹತ್ತಿರವೇ ಇರುತ್ತದೆ. ಮುಂದಿನ ಬಾಗಿಲಿಗೆ ಕ್ಯಾಮೆರಾ ಇದೆ. ಅವನು ಕಾರ್ಖಾನೆಯಲ್ಲಿ ಕೂತೇ ನೋಡುತ್ತಾನೆ. ಹೋದ ವರ್ಷ ಒಂದು ಸಲ ತವರಿಗೆ ಓಡಿಹೋಗಿದ್ದಳು. ತಂದೆ ಮುತ್ತರಾಯಪ್ಪ ಮಾರನೆಯ ದಿನವೇ ಕರೆತಂದು ಬಿಟ್ಟು, ಅಳಿಯನ ಕೈಹಿಡಿದು ಕ್ಷಮೆ ಕೇಳಿ ಹೋದ. ಈಗ ಅವಳಿಗೆ ತವರಿನ ಆಸೆ ಇಲ್ಲ. ಜೊತೆಯಲ್ಲಿ ಓದಿದ ಸರಳಾ ಕೃಷ್ಣಗಿರಿಯಲ್ಲಿ ಮಾವಿನ ರಸ ತೆಗೆಯುವ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದಾಳೆ. ಕೆಲಸ ಕೊಡಿಸುತ್ತೇನೆ ಎಂದು ಹಿಂದೆ ಹೇಳಿದ್ದಳು. ಮುಂದಿನ ವಾರ ಚಿಕ್ಕಪ್ಪನ ಮನೆಯ ಗೃಹಪ್ರವೇಶಕ್ಕೆ ಗಂಡ ರಾಯಕೋಟೆಗೆ ಕರೆದುಕೊಂಡು ಹೋಗುತ್ತಾನೆ. ಆ ಜನರ ನಡುವೆಯಿಂದ ಕೃಷ್ಣಗಿರಿ ಬಸ್ಸು ಹತ್ತಿಬಿಡಬೇಕು. ಆದರೆ ಹೊರಡುವ ಮುಂಚೆ ಅವನು ಅವಳ ಚೀಲವನ್ನು ಜಾಲಾಡುತ್ತಾನೆ. ಓದಿನ ಸರ್ಟಿಫಿಕೇಟುಗಳು, ತಾಯಿ ಕೊಟ್ಟ ಓಲೆ, ಇಷ್ಟು ಮೊದಲೇ ಹೊರಗೆ ಹೋಗಿರಬೇಕು.

“ನಿನ್ ಹತ್ರ ಇಟ್ಕೊಮ್ಮ. ನಾನ್ ಹೋದ್ಮೇಲೆ ಸರಳಂಗೆ ತಲುಪಿಸು. ಬೇರೆ ಯಾರನ್ನ ಕೇಳ್ಲಿ?”

“ಕೊಡವ್ವ,” ಎಂದಳು ಬೈರಮ್ಮ. “ನನ್ ಮನೇಲಿ ಯಾರೂ ಮುಟ್ಟಲ್ಲ.”

ಹಳೆಯ ದಿಂಬಿನ ಚೀಲದಲ್ಲಿ ಸುತ್ತಿದ ಗಂಟು ಗೋಡೆಯ ಮೇಲಿನಿಂದ ಇಳಿಯಿತು. ಬೈರಮ್ಮ ಕೈ ಎತ್ತಿ ಹಿಡಿದು, ಮಂಕರಿಯ ತಳಕ್ಕಿಟ್ಟು, ಮೇಲೆ ಹೊನಗನ್ನೆ ಹರಡಿದಳು. ಏರಿಯ ಲೈಟುಕಂಬಕ್ಕೆ ಸಂಘದವರು ಹಿಂದಿನ ದಿನವಷ್ಟೇ ಹೊಸ ಕ್ಯಾಮೆರಾ ಕಟ್ಟಿಸಿದ್ದರು. ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಹೊಂಗೆಮರದ ಕೆಳಗೆ ಮಂಕರಿ ಇಳಿಸುವುದಕ್ಕೂ ಗೇಟು ತೆರೆದು ಗಂಡಸರು ಹೊರಗೆ ಬರುವುದಕ್ಕೂ ಸರಿಹೋಯಿತು. ಎಲ್ಲರ ಕೈಯಲ್ಲೂ ಫೋನು. ರಾಮಚಂದ್ರಪ್ಪ ತಮ್ಮ ಫೋನನ್ನು ಅವಳ ಮುಖಕ್ಕೆ ಹಿಡಿದರು. ಪುಟ್ಟ ಚಿತ್ರದಲ್ಲಿ ಒಬ್ಬ ಮುದುಕಿಯ ಬೆನ್ನು, ಮೇಲೆತ್ತಿದ ಕೈ, ಗೋಡೆಯಿಂದ ಇಳಿಯುವ ಗಂಟು. ಒಳಗಿನ ಮುಖ ಗೋಡೆಯ ಮರೆಯಲ್ಲಿತ್ತು. ಅದು ತಾನೇ ಎಂದು ಬೈರಮ್ಮನಿಗೆ ಸೀರೆಯಿಂದ ಗೊತ್ತಾಯಿತು. ತನ್ನ ಬೆನ್ನನ್ನು ಅವಳು ಎಂದೂ ನೋಡಿರಲಿಲ್ಲ.

ಆ ಹೊತ್ತಿಗೆ ಆ ಚಿತ್ರ ಹೊಸೂರನ್ನು ದಾಟಿತ್ತು. ಕುಮಾರೇಶ್ ಬಸ್ಸಿನಲ್ಲಿ ಕೂತು, ನಮ್ಮ ಕಡೆಯೇ ಕಳ್ಳಿ ಸಿಕ್ಕಿದ್ದಾಳೆ ಎಂದು ಅದನ್ನು ತನ್ನ ಕಾರ್ಖಾನೆಯ ಗುಂಪಿಗೆ ಕಳಿಸಿದ್ದ. ಇನ್ನೊಂದು ಸಲ ನೋಡಿದಾಗ ಸೀರೆಯ ಅಂಚು, ಸಿಂಬೆ, ಎಡಭುಜ ತಗ್ಗಿಸಿ ನಿಲ್ಲುವ ರೀತಿ ಎಲ್ಲ ಗುರುತಾಗಿ, ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದ. ಗುಂಪಿನಿಂದ ಅಳಿಸಿದರೂ ಅಷ್ಟರಲ್ಲಿ ಅದು ಬೇರೆಯವರ ಕೈ ಸೇರಿತ್ತು.

ಗೇಟಿನ ಬಳಿ ಜನ ಬೆಳೆಯುತ್ತಿತ್ತು. ಒಬ್ಬ ಮಂಕರಿಯನ್ನು ಕಾಲಿನಿಂದ ಮಗುಚಿದ. ಸೊಪ್ಪಿನ ಕಟ್ಟುಗಳು ರಸ್ತೆಗೆ ಚೆಲ್ಲಿ ಚಪ್ಪಲಿಗಳಡಿ ಸಿಕ್ಕವು. ಇನ್ನೊಬ್ಬ ಅವಳ ರೆಟ್ಟೆ ಹಿಡಿದು ಜಗ್ಗಿದ್ದಕ್ಕೆ ಅವಳು ಕುಸಿದು ಕೂತಳು. ಜೊತೆಗಾರರು ಯಾರು, ಗಂಡಸರು ಎಲ್ಲಿದ್ದಾರೆ, ಇದುವರೆಗೆ ಎಷ್ಟು ಮನೆ ಆಯಿತು ಎಂದು ತಮಿಳಿನಲ್ಲೂ ತೆಲುಗಿನಲ್ಲೂ ಪ್ರಶ್ನೆಗಳು ಬಿದ್ದವು. ಕೇಳುತ್ತಿದ್ದವರಲ್ಲಿ ಅವಳ ಕೈಯಿಂದ ಬಾಣಂತಿಗೆಂದು ಸಬ್ಬಸಿಗೆ ತೆಗೆದುಕೊಂಡವರು ಇದ್ದರು. ಮಾದೇಶ್ ಕೋಲು ಹಿಡಿದು ಅವಳ ಮುಂದೆ ಬಂದು ನಿಂತ. ಮಾತಾಡುವ ಧೈರ್ಯ ಅವನಿಗೆ ಬರಲಿಲ್ಲ, ಆದರೆ ಅಲ್ಲಿಂದ ಸರಿಯಲೂ ಇಲ್ಲ. ಅದರಿಂದ ಏಟುಗಳಾದರೂ ತಪ್ಪಿದವು.

ಪ್ರಮೋದ್ ಜನರನ್ನು ಸುಮ್ಮನಾಗಿಸಿ ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಮನೆಯಲ್ಲಿ ಓಲೆ ಕಾಣುತ್ತಿಲ್ಲ, ಹೆಂಡತಿಯನ್ನು ಕೇಳಿದರೆ ಗೊತ್ತಿಲ್ಲ ಅಂದಳು ಎಂದು ಆಗಲೇ ಎಲ್ಲರಿಗೂ ಹೇಳಿದ್ದ. ಈಗ ಅವಳಿಗೆ ಮಾತ್ರ ಕೇಳುವಷ್ಟು ಮೆತ್ತಗೆ ಮಾತಾಡಿದ.

“ನಿನ್ ಮೇಲೆ ನನಗೇನೂ ಕೋಪ ಇಲ್ಲಮ್ಮ. ಯಾರು ಕೊಟ್ರು ಅಂತ ಹೇಳ್ಬುಡು, ಮನೆಗೆ ಕಳಿಸ್ತೀನಿ.”

ಬೈರಮ್ಮ ಅವನ ಕಣ್ಣನ್ನು ನೋಡಿದಳು. ಅಲ್ಲಿ ಕಳವಾದವನ ದುಃಖ ಇರಲಿಲ್ಲ. ಅವನಿಗೆ ಗೊತ್ತಿದೆ; ಗೊತ್ತಿದ್ದನ್ನೇ ನನ್ನ ಬಾಯಿಂದ ಹೇಳಿಸಬೇಕು, ಹೇಳಿಸಿಕೊಂಡು ಮನೆಗೆ ಹೋಗಬೇಕು, ಹೋಗಿ ಬಾಗಿಲು ಹಾಕಿಕೊಳ್ಳಬೇಕು ಎಂದು ಅವಳಿಗೆ ಅರಿವಾಯಿತು. ಈ ವಯಸ್ಸಿನವರೆಗೆ ಇನ್ನೊಬ್ಬರ ಹೊಲದ ಒಂದು ಎಲೆಯನ್ನು ಕೇಳದೆ ಕಿತ್ತವಳಲ್ಲ.

“ಯಾರೂ ಕೊಡ್ಲಿಲ್ಲ,” ಎಂದಳು ಎಲ್ಲರಿಗೂ ಕೇಳುವ ಹಾಗೆ. “ಗೋಡೆ ಮ್ಯಾಲಿತ್ತು. ನಾನೇ ಎತ್ಕಂಡೆ.”

ಆಗ ಎದ್ದ ಸದ್ದಿನಲ್ಲಿ ಸಿಟ್ಟಿಗಿಂತ ಬೇರೆ ಏನೋ ಇತ್ತು. ಇಷ್ಟು ದಿನ ಹುಡುಕುತ್ತಿದ್ದದ್ದು ಸಿಕ್ಕಿತು ಎನ್ನುವ ಒಂದು ನಿರಾಳ. ರಾಮಚಂದ್ರಪ್ಪ, ನೋಡಿದಿರಾ ನೋಡಿದಿರಾ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಪ್ರಮೋದ್ ಮಾತ್ರ ಮೇಲೆದ್ದು, ಅವಳನ್ನೇ ನೋಡುತ್ತ ನಿಂತ.

ಯಾರೋ ಫೋನು ಮಾಡಿದ್ದಕ್ಕೆ ಠಾಣೆಯಿಂದ ಜೀಪು ಬಂತು. ಇಳಿದವರು ಒಬ್ಬ ಮಹಿಳಾ ಎಸ್ಸೈ ಮತ್ತು ಇಬ್ಬರು ಪೇದೆಗಳು. ಎಸ್ಸೈ ಮೊದಲು ಬೈರಮ್ಮನನ್ನು ಎಬ್ಬಿಸಿ, ಕಟ್ಟೆಯ ಮೇಲೆ ಕೂರಿಸಿ, ನೀರು ಕೊಡಿಸಿದರು. ಗಂಟು ಎಲ್ಲಿದೆ ಎಂದು ತಮಿಳಿನಲ್ಲಿ ಕೇಳಿದರು. ಮನೆಯಲ್ಲಿ, ರಾಗಿ ಡಬ್ಬದಲ್ಲಿದೆ ಎಂದಳು ಬೈರಮ್ಮ. ಆ ಹೊತ್ತಿಗೆ ಓಡೋಡಿ ಬಂದ ಕುಮಾರೇಶನನ್ನು ಒಬ್ಬ ಪೇದೆಯ ಜೊತೆ ಕಳಿಸಿ ತರಿಸಿದರು. ಅವನು ತಾಯಿಯ ಮುಖ ನೋಡಲಿಲ್ಲ. ಗಂಟು ಬಿಚ್ಚಿದಾಗ ಓಲೆ ಒಂದು ಜೊತೆ, ಉಳಿದದ್ದೆಲ್ಲ ಕಾಗದ. ಎಸ್ಸೈ ಕಾಗದಗಳನ್ನು ತಿರುವಿ ನೋಡಿದರು. ಹತ್ತನೆಯ ತರಗತಿಯಿಂದ ಡಿಗ್ರಿಯವರೆಗೆ ಒಬ್ಬ ಹೆಣ್ಣುಮಗಳ ಅಂಕಪಟ್ಟಿಗಳು. ಓದು ಬಾರದ ಮುದುಕಿಗೆ ಇವು ಯಾಕೆ ಬೇಕು ಎಂದು ಅವರು ಯಾರನ್ನೂ ಕೇಳಲಿಲ್ಲ. ವಸ್ತುವಿನ ವಾರಸುದಾರರನ್ನು ಕರೆಸಿ ಎಂದರು.

ಹೆಂಡತಿಗೆ ಮೈ ಹುಷಾರಿಲ್ಲ, ನಾನೇ ಗುರುತಿಸುತ್ತೇನೆ, ಎಲ್ಲಿ ಸಹಿ ಹಾಕಬೇಕು ಹೇಳಿ ಎಂದು ಪ್ರಮೋದ್ ಮುಂದೆ ಬಂದ. ವಸ್ತು ಯಾರದೋ ಅವರೇ ಹೇಳಬೇಕು, ಹುಷಾರಿಲ್ಲದಿದ್ದರೆ ನಾನೇ ಮನೆಗೆ ಬರುತ್ತೇನೆ ಎಂದು ಎಸ್ಸೈ ನಡೆದೇಬಿಟ್ಟರು. ಗುಂಪೂ ಹಿಂದೆ ನಡೆಯಿತು. ಕೊನೆಯ ಮನೆಯ ಬಾಗಿಲಿಗೆ ಹೊರಗಿನಿಂದ ದೊಡ್ಡ ಬೀಗ ಬಿದ್ದಿತ್ತು. ಎಸ್ಸೈ ಬೀಗವನ್ನೂ ಪ್ರಮೋದ್‌ನನ್ನೂ ನೋಡಿದರು.

“ಒಳಗೆ ಆಕೆ ಇದ್ದಾರೆ ಅಂದ್ರಿ?”

“ಇದ್ದಾಳೆ ಮೇಡಂ. ಸೇಫ್ಟಿಗೆ.”

“ಬೆಂಕಿ ಬಿದ್ರೆ?”

ಪ್ರಮೋದ್ ಬಾಗಿಲ ಹತ್ತಿರ ಹೋದ. ಜೇಬಿನಿಂದ ಬೀಗದ ಕೈ ತೆಗೆದ. ಗುಂಪಿನಲ್ಲಿದ್ದ ಕೆಲವು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೇರೆ ಕಡೆ ತಿರುಗಿದರು. ಪಕ್ಕದ ಮನೆಯವಳು ಸೆರಗನ್ನು ಬಾಯಿಗೊತ್ತಿ ನಿಂತಳು. ಇಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಅದರಾಚೆಯಿಂದ ಏನೇನು ಕೇಳಿಸುತ್ತಿತ್ತು ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಚಂದ್ರಲೇಖಾ ಹೊಸ್ತಿಲಿಗೆ ಬಂದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ಮೊದಲು ಜನರನ್ನು ನೋಡಿದಳು, ಆಮೇಲೆ ಬೈರಮ್ಮನನ್ನು. ಮುದುಕಿಯ ಸೀರೆಗೆ ಮಣ್ಣು ಮೆತ್ತಿತ್ತು, ಕೂದಲು ಬಿಚ್ಚಿತ್ತು, ಮೊಣಕೈ ತರಚಿ ರಕ್ತ ಒಸರಿತ್ತು. ಬೈರಮ್ಮ ಬೇಡ ಎನ್ನುವಂತೆ ತಲೆ ಆಡಿಸಿದಳು. ಇವು ನಿಮ್ಮವೇ, ಈಕೆ ಕದ್ದದ್ದು ಹೌದೇ ಎಂದು ಎಸ್ಸೈ ಕೇಳಿದರು. ಪ್ರಮೋದ್ ಹೆಂಡತಿಯ ಪಕ್ಕಕ್ಕೆ ಹೋಗಿ, ನಿಧಾನವಾಗಿ ಅವಳ ಭುಜದ ಮೇಲೆ ಕೈಯಿಟ್ಟ.

ಅವಳು ಎಸ್ಸೈ ಕೈಯಲ್ಲಿದ್ದ ಓಲೆ, ಕಾಗದಗಳನ್ನು ನೋಡಿದಳು. ಆ ಹೊತ್ತಿನಲ್ಲಿ ಬೈರಮ್ಮ, ಹೌದು ಅಂದುಬಿಡು, ಕಳ್ಳಿ ಅನ್ನಿಸಿಕೊಂಡರೆ ನಾನೇನೂ ಸಾಯುವುದಿಲ್ಲ ಎಂದು ಮನಸ್ಸಿನಲ್ಲೇ ಅವಳಿಗೆ ಹೇಳುತ್ತಿದ್ದಳು. ಅದೇ ಉಸಿರಿನಲ್ಲಿ, ಅನ್ನಬೇಡ ಎಂದೂ.

“ಕದ್ದಿಲ್ಲ,” ಎಂದಳು ಚಂದ್ರಲೇಖಾ. “ನಾನೇ ಕೊಟ್ಟೆ. ಇಲ್ಲಿಂದ ಹೋಗೋಕೆ.”

ಭುಜದ ಮೇಲಿನ ಕೈಯನ್ನು ಸರಿಸಿ, ರವಿಕೆಯ ಬಲತೋಳನ್ನು ಮೇಲಕ್ಕೆ ಮಡಿಸಿದಳು. ಹಳತು ಹೊಸತು ಸೇರಿ ಮುಂಗೈಯಿಂದ ಮೇಲೆ ಬರೆಗಳಿದ್ದವು. ಇದು ಗಂಡಹೆಂಡಿರ ವಿಷಯ, ಬೀದಿಯಲ್ಲಿ ಬೇಡ, ಒಳಗೆ ಕೂತು ಮಾತಾಡೋಣ ಎಂದು ರಾಮಚಂದ್ರಪ್ಪ ಗಂಟಲು ಸರಿಮಾಡಿಕೊಂಡು ಹೇಳಿದರು. ಎಸ್ಸೈ ಅವರ ಕಡೆ ತಿರುಗಿಯೂ ನೋಡದೆ, ಬಟ್ಟೆ ಏನಾದರೂ ತರುವುದಿದ್ದರೆ ತಂದುಕೊಳ್ಳಮ್ಮ ಎಂದು ಚಂದ್ರಲೇಖಾಳಿಗೆ ಹೇಳಿದರು. ಅವಳು ಒಳಕ್ಕೆ ಹೋಗಲಿಲ್ಲ. ಕಾಲಿಗೆ ಚಪ್ಪಲಿ ಕೂಡ ಇಲ್ಲದೆ ಹಾಗೇ ನಡೆದು ಬಂದು ಜೀಪು ಹತ್ತಿದಳು. ಬೈರಮ್ಮನೂ ಜೊತೆಗೆ ಹತ್ತಿ ಅವಳ ಕೈ ಹಿಡಿದು ಕೂತಳು.

ಠಾಣೆಯಲ್ಲಿ ಸಂಜೆಯವರೆಗೂ ಕೂತಿದ್ದರು. ಮುತ್ತರಾಯಪ್ಪ ಬಂದ. ಮಾನ ಹೋಯಿತು ಎಂದು ಮಗಳಿಗೂ, ಒಂದು ಸಲ ಕ್ಷಮಿಸಿ ಎಂದು ಎಸ್ಸೈಗೂ ಹೇಳಿದ. ಚಂದ್ರಲೇಖಾ ದೂರು ಕೊಟ್ಟಳು. ಸರಳಾ ಕೃಷ್ಣಗಿರಿಯಿಂದ ಬಂದು ಕರೆದುಕೊಂಡು ಹೋದಳು. ಮುತ್ತರಾಯಪ್ಪ ಬಸ್‌ಸ್ಟ್ಯಾಂಡಿನವರೆಗೆ ಹಿಂದೆಯೇ ನಡೆದು, ಅಲ್ಲಿಂದ ರಾಯಕೋಟೆ ಬಸ್ಸು ಹತ್ತಿದ. ಇಂದಿಗೂ ಅವನು ಮಗಳಿಗೆ ಫೋನು ಮಾಡಿಲ್ಲ. ಕೇಸು ನಡೆಯುತ್ತಿದೆ. ಪ್ರಮೋದ್ ಜಾಮೀನಿನ ಮೇಲೆ ಬಂದು ಅದೇ ಮನೆಯಲ್ಲಿದ್ದಾನೆ. ಕೆಲವು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಎಂದಿನಂತೆ ಕೈ ಮುಗಿಯುತ್ತ ಓಡಾಡತೊಡಗಿದ, ಜನರೂ ಮುಗಿದರು. ಕ್ಯಾಮೆರಾದ ಉಸ್ತುವಾರಿ ಈಗಲೂ ಅವನದೇ ಎಂದು ಮಾದೇಶ್ ಹೇಳಿದ. ಹಿಂದಿನ ಗೋಡೆಯನ್ನು ಇನ್ನೂ ಎತ್ತರಿಸಿದ್ದಾರೆ. ಆ ದಿನದ ಮಾತು ಬಂದರೆ ಲೇಔಟಿನವರು, ಅದು ಬೇರೆ ವಿಷಯ, ಕಳ್ಳರ ವಿಷಯ ಬೇರೆ ಎನ್ನುತ್ತಾರಂತೆ.

ರಾಮಚಂದ್ರಪ್ಪ ಮಾದೇಶ್‌ನ ಕೈಲಿ ಹೇಳಿ ಕಳಿಸಿದ್ದರು: ಬೈರಮ್ಮ ಬೇಕಾದರೆ ಆಧಾರ್ ತೋರಿಸಿ ಒಳಗೆ ಬರಬಹುದು. ಅವಳು ಹೋಗಲಿಲ್ಲ. ತಾಯಿಯ ಜೊತೆ ಬಹಳ ದಿನ ಮಾತಿಲ್ಲದೆ ಓಡಾಡಿದ ಕುಮಾರೇಶ್ ಒಂದು ಬೆಳಿಗ್ಗೆ, ರೈತರೇ ಕೂತು ಮಾರುವ ಹೊಸೂರಿನ ಉಳವರ್ ಸಂತೆಗೆ ಬಿಡುತ್ತೇನೆ ಬಾ ಎಂದು ಬೈಕು ಹೊರಗೆ ತೆಗೆದ. ಅಷ್ಟನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತು ಎಂದು ಅವಳಿಗೆ ಕಂಡಿತು. ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು.

ಸಂತೆಯಲ್ಲಿ ಅವಳ ಪಕ್ಕಕ್ಕೆ ಕೂರುವವಳು ಕೊಂಡಮ್ಮ, ಬೇರೆ ಕಡೆಯ ಹಳ್ಳಿಯವಳು. ಮಾತಿನಲ್ಲಿ ತೆಲುಗು ಕನ್ನಡ ಬೆರೆಸುವ, ಎಲೆಯಡಿಕೆಯನ್ನು ಹಂಚಿಕೊಳ್ಳುವ ಒಳ್ಳೆಯ ಹೆಂಗಸು. ಕೆಲವು ದಿನ ಕಂಡಿರಲಿಲ್ಲ. ಬಂದ ದಿನ ತನ್ನ ಕಥೆ ಹೇಳಿಕೊಂಡಳು. ಸಂತೆಯಲ್ಲಿ ಉಳಿದ ಸೊಪ್ಪನ್ನು ಮನೆಗಳ ಕಡೆ ಮಾರಲು ಹೋದಾಗ ಯಾರೋ ಅಡ್ಡ ಹಾಕಿ ಮಂಕರಿ ಸುರಿಸಿ ನೋಡಿದರಂತೆ. ಮತ್ತೆ ಈ ಬೀದಿಗೆ ಕಾಲಿಟ್ಟರೆ ನೋಡು ಎಂದು ಓಡಿಸಿದರಂತೆ.

“ಎಲ್ಲಾ ಆ ಮುದ್ಕಿಯಿಂದ ಕಣಕ್ಕಾ. ಗೋಡೆ ಹತ್ರ ನಿಂತು ಕದೀತಾಳಲ್ಲ, ಫೋನಲ್ಲಿ ನೋಡಿಲ್ವಾ? ನನ್ ಮೊಮ್ಮಗ್ಳು ತೋರ್ಸಿದ್ಲು. ಅಂಥೋರಿಂದ ನಮ್ಮಂಥೋರ ಬಾಳು ಹಾಳಾಗ್ಹೋತದೆ.”

ಬೈರಮ್ಮ ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸುತ್ತಿದ್ದವಳು ನಿಲ್ಲಿಸಿದಳು.

“ಅದು ನಾನೇ ಕಣವ್ವ,” ಎಂದಳು.

ಕೊಂಡಮ್ಮ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಬೈರಮ್ಮ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು: ಬೀಗ, ಊದಿದ ತುಟಿ, ಗೋಡೆಯ ಮೇಲಿನಿಂದ ಇಳಿದ ಗಂಟು, ಹುಡುಗಿ ಮಡಿಸಿದ ತೋಳು. ಕೊಂಡಮ್ಮ ನಡುವೆ ಬಾಯಿ ಹಾಕದೆ ಕೇಳಿದಳು. ಆ ಹುಡುಗಿ ಈಗ ಹೇಗಿದ್ದಾಳೆ ಎಂದು ವಿಚಾರಿಸಿದಳು. ಅಂಥ ಗಂಡನ ಕೈ ಸೇದಿಹೋಗಲಿ ಎಂದು ಶಪಿಸಿದಳು. ಅವಳ ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ಯಾರೋ ಬಂದು ದಂಟು ಕೇಳಿದರು. ಬೈರಮ್ಮ ಕಟ್ಟು ಆರಿಸಿಕೊಟ್ಟು ಈ ಕಡೆ ತಿರುಗುವಾಗ, ಕೊಂಡಮ್ಮ ಇಬ್ಬರ ನಡುವೆ ಯಾವಾಗಲೂ ಇಡುತ್ತಿದ್ದ ತನ್ನ ದುಡ್ಡಿನ ಬಟ್ಟೆಚೀಲವನ್ನು ಎತ್ತಿ, ಆಚೆ ಮಗ್ಗುಲಿಗೆ, ತೊಡೆಯ ಅಡಿಗೆ ಸೇರಿಸಿಕೊಳ್ಳುತ್ತಿದ್ದಳು.